ನೋರಾಗೆ ಬಂದ ಡಿ, ನಮ್ಮ ಹುಡುಗನಿಗೆ ಬಂದ ನಾಲ್ಕು

(1)
ಫೋಟೋದಲ್ಲಿರೋ ಪುಸ್ತಕದ ಮೇಲಿನ ಟೀ ಕಲೆ ನಂದಲ್ಲ. ಅವೆನ್ಯೂ ರಸ್ತೆ ಫುಟ್‌ಪಾತಲ್ಲಿ ಕೊಂಡಾಗಲೇ ಇತ್ತು. ಎಪ್ಪತ್ತು ಅಂದ್ರು, ಐವತ್ತಕ್ಕೆ ಕೊಟ್ರು. ಹೆಸರು 'ದಿ ರಿಪೋರ್ಟ್ ಕಾರ್ಡ್', ಬರೆದವರು ಆಂಡ್ರ್ಯೂ ಕ್ಲೆಮೆಂಟ್ಸ್, ಅಮೆರಿಕದವರು. 2004ರಲ್ಲಿ ಬಂದ ಮಕ್ಕಳ ಕಾದಂಬರಿ. ಸತ್ಯ ಹೇಳ್ಬೇಕಂದ್ರೆ ನಾನು ಕೊಂಡಿದ್ದು ನನ್ನ ಇಂಗ್ಲಿಷ್ ಸುಧಾರಿಸ್ಲಿ ಅಂತ. ಸಣ್ಣ ಪುಸ್ತಕ, ದೊಡ್ಡ ಅಕ್ಷರ, ಮುಗಿಸಬಹುದು ಅನ್ನೋ ಧೈರ್ಯ.

ಎರಡು ರಾತ್ರಿಲಿ ಮುಗೀತು. ಮೂರನೇ ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಅಂತ ಈ ಸರಣಿಯ ಕೊನೆಲಿ ಹೇಳ್ತೀನಿ, ಈಗಲೇ ಹೇಳಿದ್ರೆ ನೀವು ಮುಂದಿನ ಪೋಸ್ಟ್ ಓದಲ್ಲ, ನನಗೆ ಗೊತ್ತು.

ಕಥೆ ಇಷ್ಟು. ಕನೆಕ್ಟಿಕಟ್ ರಾಜ್ಯದಲ್ಲಿ ಐದನೇ ಕ್ಲಾಸ್ ಓದ್ತಿರೋ ನೋರಾ ಅನ್ನೋ ಹುಡುಗಿ. ಅಸಾಧ್ಯ ಬುದ್ಧಿವಂತೆ. ಆದ್ರೆ ಅದನ್ನ ಚಿಕ್ಕಂದಿನಿಂದ ಮುಚ್ಚಿಟ್ಟಿದ್ದಾಳೆ, ಮನೆಯವರಿಗೂ ಗೊತ್ತಿಲ್ಲ. ಅವಳ ಸ್ನೇಹಿತ ಸ್ಟೀಫನ್ ಸಾಧಾರಣ ಓದೋ ಹುಡುಗ, ಒಳ್ಳೆಯವನು. ನಾಲ್ಕನೇ ಕ್ಲಾಸಲ್ಲಿ ಅಲ್ಲಿನ ರಾಜ್ಯದ ಪರೀಕ್ಷೆ, ಕನೆಕ್ಟಿಕಟ್ ಮಾಸ್ಟರಿ ಟೆಸ್ಟ್ ಅಂತ, ಅದು ಬಂದ ಮೇಲೆ ಅವನು ತಾನು ದಡ್ಡ ಅಂತ ನಂಬಿಬಿಡ್ತಾನೆ. ನೋರಾಗೆ ತಡೆಯಕ್ಕಾಗಲ್ಲ. ಮಾರ್ಕ್ಸಿಗೆ ಅರ್ಥವೇ ಇಲ್ಲ ಅಂತ ತೋರಿಸ್ಬೇಕು ಅಂತ ಬೇಕುಬೇಕಂತಲೇ ಎಲ್ಲದರಲ್ಲೂ ಡಿ ಗ್ರೇಡ್ ತಗೋತಾಳೆ. ಒಂದರಲ್ಲಿ ಮಾತ್ರ, ಸ್ಪೆಲ್ಲಿಂಗಲ್ಲಿ, ಸಿ ಬಂದ್ಬಿಡುತ್ತೆ. ಅದಕ್ಕೆ ಅವಳಿಗೆ ಸಿಟ್ಟು.

(2)
ಈ ಪುಸ್ತಕವನ್ನ ನಮ್ಮೂರ ಪಂಚಾಯ್ತಿ ಗ್ರಂಥಾಲಯದಲ್ಲಿ ಏಳು ಮಕ್ಕಳಿಗೆ ಓದಿ ಹೇಳಿದ ಕಥೆ ಇದು. ಶನಿವಾರ ಮಧ್ಯಾಹ್ನ, ಬೆಳಗಿನ ಶಾಲೆ ಮುಗಿಸಿ, ಮನೇಲಿ ಉಂಡು ಬರ್ತಿದ್ರು. ನಾನು ಹಾಸ್ಟೆಲ್‌ನಿಂದ ಶುಕ್ರವಾರ ರಾತ್ರಿ ಬಸ್ಸಿಗೆ ಊರಿಗೆ ಬರೋದು. ಅರಸೀಕೆರೆ ಕಡೆಯವರಿಗೆ ಆ ಬಸ್ಸು ಗೊತ್ತು. ಮೇಲ್ವಿಚಾರಕಿ ಅಕ್ಕ ಬೀಗದ ಕೈ ನನ್ನ ಕೈಗೇ ಕೊಟ್ಟು, 'ಕುರ್ಚಿ ಎಳೆದಾಡ್ಬೇಡಿ' ಅಂತ ಹೇಳಿ ಹೋಗೋರು.

ಒಂದು ಪ್ಯಾರಾ ಇಂಗ್ಲಿಷಲ್ಲಿ ಓದೋದು, ಕನ್ನಡದಲ್ಲಿ ಹೇಳೋದು. ಮೊದಲ ದಿನವೇ ಎಡವಟ್ಟು.

'ಅಕ್ಕ, ಡಿ ಅಂದ್ರೆ ಎಷ್ಟು?'

ನೋಡಿ, ನಮ್ಮ ಸರ್ಕಾರಿ ಶಾಲೆ ಮಕ್ಕಳಿಗೆ ಎ ಪ್ಲಸ್, ಎ, ಬಿ ಪ್ಲಸ್, ಬಿ, ಸಿ. ಅಲ್ಲಿಗೆ ಮುಗೀತು. ಡಿ ಅನ್ನೋದೇ ಇಲ್ಲ. ಅವರ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಳಗಿರೋದು ಸಿ. ಹಾಗಾಗಿ ನೋರಾ ಸಿ ಬಂತು ಅಂತ ಸಿಟ್ಟು ಮಾಡ್ಕೊಂಡಾಗ ಮಕ್ಕಳಿಗೆ ಅದು ಸರಿಯಾಗೇ ಕಾಣಿಸ್ತು: ಪಾಪ, ಅಷ್ಟು ಕಮ್ಮಿ ಬಂದ್ರೆ ಯಾರಿಗಾದ್ರೂ ಸಿಟ್ಟು ಬರಲ್ವಾ? ಅಲ್ಲ ಕಣ್ರೋ, ಅವಳಿಗೆ ಸಿಟ್ಟು ಬಂದಿದ್ದು ಜಾಸ್ತಿ ಬಂತು ಅಂತ, ಅಂತ ಬೋರ್ಡ್ ಮೇಲೆ ಎರಡು ಏಣಿ ಬರೆದು ತೋರಿಸೋ ಹೊತ್ತಿಗೆ ಅರ್ಧ ಗಂಟೆ ಹೋಯ್ತು. ಒಂದೇ ಅಕ್ಷರ, ಒಂದು ಏಣಿಲಿ ನಡುವೆ, ಇನ್ನೊಂದರಲ್ಲಿ ನೆಲ. ನಾನು ಪಾಠ ಮಾಡಕ್ಕೆ ಹೋದವಳು ಅಲ್ಲೇ ಪಾಠ ಕಲಿತೆ.

ಇನ್ನೊಂದು ದಿನ ನೋರಾಳ ಐಕ್ಯೂ ಪರೀಕ್ಷೆ ಬಂತು. 188 ಅಂತ ಬರುತ್ತೆ. 'ನೂರಕ್ಕೆ ನೂರ ಎಂಬತ್ತೆಂಟಾ ಅಕ್ಕ?' ಅಂತ ಒಬ್ಬ. ಎಲ್ಲರೂ ನಕ್ರು. ನಾನೂ ನಕ್ಕೆ, ಆದ್ರೆ ಉತ್ತರ ಹೇಳ್ಬೇಕಲ್ಲ. ನೂರು ಅಂದ್ರೆ ಆ ವಯಸ್ಸಿನ ಮಕ್ಕಳ ಸರಾಸರಿ, ಅದರ ಮೇಲೆ ಹೋಗಬಹುದು ಅಂದೆ. ಈ ಥರ ಪರೀಕ್ಷೆಯನ್ನ ಮೊದಲು ಮಾಡಿದ್ದು 1905ರಲ್ಲಿ ಪ್ಯಾರಿಸಲ್ಲಿ ಆಲ್ಫ್ರೆಡ್ ಬಿನೆ. ಅವರು ಜಾಣರನ್ನ ಹುಡುಕಕ್ಕೆ ಹೊರಟಿರಲಿಲ್ಲ. ಶಾಲೇಲಿ ಯಾವ ಮಗುವಿಗೆ ಹೆಚ್ಚು ಸಹಾಯ ಬೇಕು ಅಂತ ಗುರುತಿಸೋಕೆ ಮಾಡಿದ್ರು. ಆಮೇಲೆ ಬಂದವರು ಅದನ್ನ ತಿರುಗಿಸಿ ಹಿಡಿದ್ರು. ನಮಗೂ ಅದು ದೂರದ ವಿಷಯ ಅಲ್ಲ: ವಿ. ವಿ. ಕಾಮತ್ ಅನ್ನೋರು 1934ರಲ್ಲೇ ಬಿನೆ ಪರೀಕ್ಷೆಯನ್ನ ಕನ್ನಡ ಮತ್ತು ಮರಾಠಿ ಮಾತಾಡೋ ಮಕ್ಕಳಿಗೆ ಹೊಂದಿಸಿ ಪ್ರಕಟಿಸಿದ್ರು. ಬಿನೆ-ಕಾಮತ್ ಪರೀಕ್ಷೆ ಅಂತ. ಅಂದ್ರೆ ನಮ್ಮ ಅಜ್ಜಿ ಕಾಲದ ಕನ್ನಡದ ಮಕ್ಕಳನ್ನೂ ಆಗಲೇ ಅಳೆದಾಗಿತ್ತು.

(3)
ಈಗ ಬೇಜಾರಿನ ಭಾಗ.

ನೋರಾ ಡಿ ತಗೊಳ್ಳೋದು ಸುಮ್ನೆ ಅಲ್ಲ. ಸರಿಯಾಗಿ ಎಷ್ಟು ಪ್ರಶ್ನೆ ತಪ್ಪು ಮಾಡ್ಬೇಕು ಅಂತ ಲೆಕ್ಕ ಹಾಕಿ ಮಾಡ್ತಾಳೆ. ಇದನ್ನ ಮಕ್ಕಳಿಗೆ ತೋರಿಸೋಣ ಅಂತ ನಾನು ಒಂದು ಆಟ ಮಾಡಿದೆ. ಹತ್ತು ಪ್ರಶ್ನೆ ಕೊಟ್ಟೆ, ಮಗ್ಗಿ, ಜಿಲ್ಲೆ, ರಾಜಧಾನಿ, ಇಂಥವು. ನಿಯಮ: ಸರಿಯಾಗಿ ನಾಲ್ಕೇ ಮಾರ್ಕ್ಸ್ ತಗೊಳ್ಬೇಕು. ಐದು ಬಂದ್ರೂ ಔಟ್, ಮೂರು ಬಂದ್ರೂ ಔಟ್.

ನನ್ನ ಐಡಿಯಾ ಬಗ್ಗೆ ನನಗೇ ತುಂಬಾ ಹೆಮ್ಮೆ. ಎಲ್ಲಾ ಗೊತ್ತಿದ್ದವರಿಗೆ ಮಾತ್ರ ಸರಿಯಾಗಿ ನಾಲ್ಕು ತಗೊಳ್ಳಕ್ಕಾಗುತ್ತೆ, ಆದ್ದರಿಂದ ಕಮ್ಮಿ ಮಾರ್ಕ್ಸ್ ನೋಡಿ ದಡ್ಡ ಅನ್ನಬಾರದು. ಹೀಗೆ ಹೇಳಿ ಮುಗಿಸೋದು ಪ್ಲಾನ್.

ಇಬ್ಬರಿಗೆ ನಾಲ್ಕು ಬಂತು. ಒಬ್ಬಳು ಗುಂಪಿನಲ್ಲೇ ಜಾಣೆ, ಅವಳನ್ನ ಪುಟ್ಟಿ ಅಂತ ಕರೀತೀನಿ. ಇನ್ನೊಬ್ಬ ಅವಳ ಪಕ್ಕದ ಮನೆ ಹುಡುಗ. ನಾನು ಖುಷಿಯಿಂದ, 'ನೋಡಿ, ಇವನು ಹೆಂಗೆ ಲೆಕ್ಕ ಹಾಕಿದ! ಹೇಳೋ, ಯಾವ ಆರು ಬೇಕಂತ ತಪ್ಪು ಮಾಡಿದೆ?' ಅಂದೆ.

'ನಾನು ಎಲ್ಲಾ ಸರಿ ಬರಿಯಕ್ಕೆ ನೋಡ್ದೆ ಅಕ್ಕ,' ಅಂದ. 'ನಿಮ್ ಆಟ ಅರ್ಥ ಆಗ್ಲಿಲ್ಲ.'

ಮತ್ತೆ ಎಲ್ಲರೂ ನಕ್ರು. ಈ ಸಲ ನಾನು ನಗಲಿಲ್ಲ. ಪುಟ್ಟಿಯೂ ನಗಲಿಲ್ಲ.

ಇದನ್ನ ಟೈಪ್ ಮಾಡ್ತಾ ಈಗಲೂ ಹೊಟ್ಟೆಲಿ ಒಂಥರಾ ಆಗುತ್ತೆ. ಆ ಆಟ ಯಾರಿಗೆ ಧೈರ್ಯ ಕೊಡ್ಬೇಕಿತ್ತೋ ಅವನನ್ನೇ ಬೋರ್ಡ್ ಮುಂದೆ ನಿಲ್ಲಿಸಿಬಿಟ್ಟೆ. ನೋರಾಗೆ ಡಿ ಅನ್ನೋದು ವೇಷ. ಬೇಡ ಅಂದಾಗ ಕಳಚಬಹುದು. ಸ್ಟೀಫನ್‌ಗೆ ಅದು ಚರ್ಮ.

(4)
ಪುಟ್ಟಿ ಮತ್ತು ಆ ಹುಡುಗ ಇಬ್ಬರೂ ನವೋದಯ ಕೋಚಿಂಗಿಗೆ ಹೋಗ್ತಿದ್ರು. ಹಳ್ಳಿಯಿಂದ ಬಂದವರಿಗೆ ಇದನ್ನ ವಿವರಿಸಬೇಕಿಲ್ಲ, ಬೆಂಗಳೂರಿನ ಸ್ನೇಹಿತರಿಗೆ ಹೇಳ್ತೀನಿ. ಐದನೇ ಕ್ಲಾಸಲ್ಲಿ ಬರೆಯೋ ಪರೀಕ್ಷೆ. 80 ಪ್ರಶ್ನೆ, 100 ಮಾರ್ಕ್ಸ್, 2 ಗಂಟೆ. ಒಂದು ಶಾಲೆಯ ಆರನೇ ಕ್ಲಾಸಿಗೆ ಹೆಚ್ಚಂದ್ರೆ 80 ಸೀಟು. ಸಿಕ್ಕಿದ್ರೆ ಊಟ, ವಸತಿ, ಬಟ್ಟೆ, ಪುಸ್ತಕ ಎಲ್ಲಾ ಸರ್ಕಾರದ್ದು. ಸಿಗದಿದ್ರೆ ಮತ್ತೊಂದು ಸಲ ಬರೆಯೋ ಹಾಗಿಲ್ಲ, ಜೀವನದಲ್ಲಿ ಒಂದೇ ಸಲ. ಹತ್ತು ವರ್ಷದ ಮಗುಗೆ! ನಮಗೆ ಡಿಗ್ರಿಲಿ ಬ್ಯಾಕ್ ಉಳಿದ್ರೆ ಮತ್ತೆ ಕಟ್ತೀವಿ, ಮತ್ತೆ ಬರೀತೀವಿ, ಕ್ಯಾಂಟೀನಲ್ಲಿ ಅದರ ಮೇಲೇ ಜೋಕ್ ಮಾಡ್ತೀವಿ.

ಅಂದಹಾಗೆ ಐದನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಬೇಕಾ ಬೇಡ್ವಾ ಅಂತ ನಮ್ಮ ರಾಜ್ಯದಲ್ಲಿ 2023ರಲ್ಲಿ, ಮತ್ತೆ 2024ರಲ್ಲಿ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೂ ಎಳೆದಾಡಿದ್ರು. ನವೋದಯದ ಬಗ್ಗೆ ಅಷ್ಟು ಗದ್ದಲ ಆಗಲ್ಲ. ಅದು ಸಿಕ್ಕಿದವರ ಫೋಟೋ ಫ್ಲೆಕ್ಸ್ ಮೇಲೆ ಬರುತ್ತೆ, ಸಿಗದವರ ಫೋಟೋ ಎಲ್ಲೂ ಬರಲ್ಲ.

ಕೋಚಿಂಗಲ್ಲಿ ಭಾನುವಾರ ಭಾನುವಾರ ಮಾದರಿ ಪರೀಕ್ಷೆ. ಸಂಜೆ ರ‍್ಯಾಂಕ್ ಪಟ್ಟಿ ಅಪ್ಪ ಅಮ್ಮಂದಿರ ವಾಟ್ಸಾಪ್ ಗ್ರೂಪಿಗೆ. ಕೊನೆಯ ಮೂರು ಹೆಸರು ಕೆಂಪು ಬಣ್ಣದಲ್ಲಿ. ಆ ಹುಡುಗನ ಹೆಸರು ಬಹಳ ಸಲ ಕೆಂಪಿನಲ್ಲಿ ಇರ್ತಿತ್ತಂತೆ.

ನಮ್ಮ ಆಟ ನಡೆದ ಮರುದಿನದ ಪರೀಕ್ಷೇಲಿ ಪುಟ್ಟಿ ಗಣಿತದ ಇಪ್ಪತ್ತು ಪ್ರಶ್ನೆ ಮುಟ್ಟಲೇ ಇಲ್ಲ. ಬೇರೆಯವೂ ಒಂದಷ್ಟು ಬಿಟ್ಟಳು. ಸಂಜೆ ಪಟ್ಟಿಯಲ್ಲಿ ಕಟ್ಟಕಡೆಗೆ ಅವಳ ಹೆಸರು, ಕೆಂಪಿನಲ್ಲಿ. ಅವನದ್ದು ಅವಳ ಮೇಲೆ. ಅವನದ್ದೂ ಕೆಂಪೇ.

(5)
ಮುಂದಿನ ಶನಿವಾರ ಪುಟ್ಟಿಯ ಅಮ್ಮ ಗ್ರಂಥಾಲಯಕ್ಕೆ ಬಂದ್ರು. ಕೊಬ್ಬರಿ ಸುಲಿಯೋ ಕೆಲಸದಿಂದ ಹಂಗೇ ಬಂದಿದ್ರು, ಸೀರೆ ಮೇಲೆ ನಾರು.

'ಏನಮ್ಮಾ, ಓದೋ ಹುಡ್ಗಿಗೆ ಸೊನ್ನೆ ತಗೊಳ್ಳೋದು ಹೇಳ್ಕೊಡ್ತಿದ್ದೀಯಂತೆ?'

ನಾನು ಪುಸ್ತಕ ತೋರಿಸ್ದೆ. ಕಥೆ ಹೇಳಕ್ಕೆ ಹೋದೆ. ಬರೆದವರು ಸ್ವತಃ ಏಳು ವರ್ಷ ಶಾಲೇಲಿ ಮೇಷ್ಟ್ರಾಗಿದ್ರು ಅಂತೆಲ್ಲ ಹೇಳ್ದೆ. ಯಾಕೆ ಹೇಳಿದ್ನೋ! ಅವರು ನನ್ನ ಮುಖ ನೋಡ್ತಾ ನಿಂತಿದ್ರು. ಆಮೇಲೆ ಸಿಟ್ಟಿಲ್ಲದೆ ಹೇಳಿದ್ರು: 'ನನ್ ಮಗ್ಳಿಗೆ ಇರೋದು ಒಂದೇ ಬಸ್ಸು ಕಣಮ್ಮ. ತಪ್ಪಿದ್ರೆ ಇನ್ನೊಂದು ಬರಲ್ಲ. ನಿನ್ ಪುಸ್ತಕದ ಹುಡ್ಗಿಗೆ ಹಂಗಾ?'

ಹಂಗಲ್ಲ. ನೋರಾ ಡಿ ತಗೊಂಡ್ರೆ ಶಾಲೆಯವರೆಲ್ಲಾ ಸೇರಿ ಮೀಟಿಂಗ್ ಮಾಡ್ತಾರೆ, ಮನಶ್ಶಾಸ್ತ್ರಜ್ಞರು ಬರ್ತಾರೆ, ಗ್ರಂಥಾಲಯದ ಮೇಡಂ ಇವಳು ಕಂಪ್ಯೂಟರಲ್ಲಿ ಏನೇನು ನೋಡಿದ್ದಾಳೆ ಅನ್ನೋದರಿಂದ ಇವಳ ಗುಟ್ಟು ಕಂಡುಹಿಡೀತಾರೆ. ಅವಳ ಪರೀಕ್ಷೆಯಲ್ಲಿ ಅವಳೇ ಗೆಲ್ಲೋದು ಕೊನೆಗೆ. ಪುಟ್ಟಿ ಡಿಸೆಂಬರಲ್ಲಿ ನಿಜವಾದ ಓಎಂಆರ್ ಶೀಟಿನ ಮುಂದೆ ಹೀಗೆ ಮಾಡಿದ್ರೆ ಯಾರೂ ಮೀಟಿಂಗ್ ಕರೆಯಲ್ಲ.

ನನಗೆ ಆ ಪುಸ್ತಕ ಇವತ್ತಿಗೂ ಇಷ್ಟ. ಆದ್ರೆ ಕ್ಲೆಮೆಂಟ್ಸ್ ಅವರ ಕಥೆಯನ್ನ ಹೇಳೋದು ನೋರಾ. ಮಾರ್ಕ್ಸ್ ಕೆಟ್ಟದ್ದು ಅಂತ ಹೇಳೋ ಪುಸ್ತಕಕ್ಕೂ ನಾಯಕಿಯಾಗಿ 188 ಇರೋಳೇ ಬೇಕಾಯ್ತಲ್ಲ! ಸ್ಟೀಫನ್ ಹೇಳಿದ್ರೆ ಯಾರು ಕೇಳ್ತಿದ್ರು? ಫೇಲ್ ಆದವನು ಪರೀಕ್ಷೆ ಸರಿಯಿಲ್ಲ ಅಂದ್ರೆ ನೆಪ ಹೇಳ್ತಾನೆ ಅಂತೀವಿ. ರ‍್ಯಾಂಕ್ ಬಂದವಳು ಅದನ್ನೇ ಅಂದ್ರೆ ಎಷ್ಟು ಚೆನ್ನಾಗಿ ಹೇಳಿದ್ಲು ಅಂತ ಶೇರ್ ಮಾಡ್ತೀವಿ.

ನಮ್ಮ ಬ್ಯಾಚಿನವರಿಗೆ ಇದು ಅರ್ಥ ಆಗುತ್ತೆ. 2021ರ ಜುಲೈ 19 ಮತ್ತು 22 ನೆನಪಿದೆಯಾ? ಎಸ್‌ಎಸ್‌ಎಲ್‌ಸಿ, ಎರಡೇ ದಿನ, ದಿನಕ್ಕೆ ಮೂರು ಸಬ್ಜೆಕ್ಟು, ಒಂದೊಂದಕ್ಕೆ 40 ಪ್ರಶ್ನೆ, ಮಾಸ್ಕ್ ಹಾಕ್ಕೊಂಡು ಗೋಲ ತುಂಬಿಸಿದ್ದು. ಯಾರನ್ನೂ ಫೇಲ್ ಮಾಡಲ್ಲ ಅಂತ ಮೊದಲೇ ಹೇಳಿದ್ರು. ನೋರಾ ಕನಸು ಕಂಡ ಹಾಗೆ ಮಾರ್ಕ್ಸಿನ ಭಯ ಒಂದು ವರ್ಷ ಕರ್ನಾಟಕದಲ್ಲಿ ಹೋಗಿತ್ತು. ಆಮೇಲೆ ಏನಾಯ್ತು? 'ಕೊರೋನಾ ಪಾಸಾ?' ಅಂತ ಕೇಳಿದ್ರು. ಅದೂ ಎಲ್ಲರನ್ನೂ ಅಲ್ಲ. ನನ್ನನ್ನ ಯಾರೂ ಕೇಳಲಿಲ್ಲ. ಕೇಳಿದ್ದು ನಮ್ಮ ದೊಡ್ಡಪ್ಪನ ಮಗನನ್ನ.

(6)
ಈಗ ನಿದ್ದೆ ಬರದ ರಾತ್ರಿಯ ವಿಷಯ.

ದೊಡ್ಡಪ್ಪನ ಮಗ ನನಗಿಂತ ಮೂರೇ ತಿಂಗಳಿಗೆ ದೊಡ್ಡೋನು, ಅದಕ್ಕೇ ಅಣ್ಣ ಅನ್ನಲ್ಲ. ಒಂದೇ ಮನೆ, ಒಂದೇ ಕ್ಲಾಸು, ಒಂದೇ ಬೆಂಚು. ಮಾರ್ಕ್ಸ್ ಬಂದ ದಿನ ರಾತ್ರಿ ಊಟಕ್ಕೆ ಕೂತಾಗ ಇಬ್ಬರ ಪೇಪರೂ ದೊಡ್ಡಪ್ಪನ ಕೈಗೆ. ಮೊದಲು ನಂದು ನೋಡೋರು. ನಂದು ನೋಡಿದ ಮೇಲೆ ಅವನದ್ದು ನೋಡಿದ್ರೆ ಏನಾಗುತ್ತೆ ಅಂತ ನಿಮಗೇ ಗೊತ್ತು. ಏಟಿಗಿಂತ ಅವನು ತಟ್ಟೆ ಬಿಟ್ಟು ಎದ್ದು ಹೋಗ್ತಿದ್ದದ್ದೇ ನನಗೆ ನೆನಪು.

ಏಳನೇ ಕ್ಲಾಸಿನ ಒಂದು ಗಣಿತ ಟೆಸ್ಟು, 25 ಮಾರ್ಕ್ಸಿಂದು. ನನಗೆ ಎಲ್ಲಾ ಬರ್ತಿತ್ತು. ಕೊನೆ ಎರಡು ಪುಟ ಖಾಲಿ ಬಿಟ್ಟು ಪೇಪರ್ ಕೊಟ್ಟೆ. ನನಗೆ 11, ಅವನಿಗೆ 9. ಹತ್ತಿರ ಹತ್ತಿರ. ಇವತ್ತು ರಾತ್ರಿ ಅವನು ಪೂರ್ತಿ ಊಟ ಮಾಡ್ತಾನೆ ಅಂದ್ಕೊಂಡೆ.

ದೊಡ್ಡಪ್ಪ ಎರಡೂ ಪೇಪರ್ ನೋಡಿ ಅವನಿಗೆ ಅಂದ್ರು: 'ನಿನ್ ಸಹವಾಸ ಮಾಡಿ ಅವಳೂ ಹಾಳಾದ್ಲು.' ಯಾವತ್ತಿಗಿಂತ ಜಾಸ್ತಿ ಬಿತ್ತು ಅವತ್ತು. ಮರುದಿನದಿಂದ ಬೆಂಚ್ ಬೇರೆ ಮಾಡಿಸಿದ್ರು.

ಬಿಕಾಂನವರೇ, ಫಸ್ಟ್ ಸೆಮ್ ನೆನಪು ಮಾಡ್ಕೊಳ್ಳಿ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಯ್ತು ಅಂದ್ರೆ ಲೆಕ್ಕ ಸರಿ ಇದೆ ಅಂತಲ್ಲ. ಈ ಕಡೆ ಕಮ್ಮಿ ಬರೆದದ್ದು ಆ ಕಡೆ ಕಮ್ಮಿ ಬರೆದದ್ದನ್ನ ಮುಚ್ಚಿಬಿಡುತ್ತೆ. ಕಾಂಪೆನ್ಸೇಟಿಂಗ್ ಎರರ್. ಆ ಪಾಠ ಮಾಡ್ತಿದ್ದಾಗ ನಾನು ಕ್ಲಾಸಲ್ಲಿ ಯಾಕೆ ಪೆನ್ ಕೆಳಗಿಟ್ಟು ಕೂತಿದ್ದೆ ಅಂತ ಪಕ್ಕದಲ್ಲಿದ್ದವಳು ಕೇಳಿದ್ಲು. ತಲೆನೋವು ಅಂದಿದ್ದೆ. ಓದ್ತಿದ್ರೆ ಸಾರಿ ಕಣೇ.

ಅವತ್ತಿನಿಂದ ಅವನೂ ನಾನೂ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅವನು ಪಿಯುಸಿ ಅರ್ಧಕ್ಕೆ ಬಿಟ್ಟು ಮೋಟಾರ್ ವೈಂಡಿಂಗ್ ಅಂಗಡಿ ಸೇರಿದ. ಸುತ್ತಲ ತೋಟಗಳಲ್ಲಿ ಸುಟ್ಟುಹೋದ ಪಂಪು ಎಲ್ಲಾ ಅವನ ಕೈಗೇ ಬರೋದು.

(7)
ಪುಟ್ಟಿಯ ಅಮ್ಮ ಬಂದುಹೋದ ಮೇಲೆ ಓದೋದು ನಿಲ್ಲಿಸಬೇಕು ಅಂದ್ಕೊಂಡಿದ್ದೆ. ಅವರೇ ಬೇಡ ಅಂದ್ರು. 'ಮುಗಿಸು, ಅರ್ಧ ಬಿಟ್ರೆ ಅವ್ಳು ಅರ್ಧಾನೇ ತಲೇಲಿಟ್ಕೋತಾಳೆ' ಅಂತ. ಆ ಹುಡುಗ ಎರಡು ಶನಿವಾರ ಬರಲಿಲ್ಲ. ನಾನೇ ಅವರ ಮನೆಗೆ ಹೋದೆ. ಜಗಲಿ ಮೇಲೆ ಕೂತು ಆಟದ ವಿಷಯಕ್ಕೆ ತಪ್ಪಾಯ್ತು ಅಂದೆ. ಅವನಿಗೆ ನಾಚಿಕೆ ಆಯ್ತು, ನನಗೂ ಆಯ್ತು. ಆಮೇಲೆ ಒಂದು ಕೆಲಸ ಕೊಟ್ಟೆ: ಇಲ್ಲೀವರೆಗಿನ ಕಥೆನ ಸ್ಟೀಫನ್ ಆಗಿ ಹೇಳು.

ಮುಂದಿನ ಶನಿವಾರ ಬಂದು ಹೇಳಿದ. ಎದ್ದು ನಿಂತು, ಕೈ ಹಿಂದಕ್ಕೆ ಕಟ್ಟಿ. 'ನನ್ನ ಹೆಸರು ಸ್ಟೀಫನ್. ನನಗೆ ಮಾರ್ಕ್ಸ್ ಕಮ್ಮಿ. ನೋರಾಗೂ ಕಮ್ಮಿ ಬಂತು ಅಂತ ನಾನು ಅವಳಿಗೆ ಪಾಠ ಹೇಳ್ಕೊಡೋಣ ಅಂದ್ಕೊಂಡಿದ್ದೆ. ಅವಳಿಗೆ ಎಲ್ಲಾ ಬರ್ತಿತ್ತಂತೆ.' ಇಷ್ಟೇ. ಕೂತ್ಕೊಂಡ. ಪುಟ್ಟಿ ನೆಲ ನೋಡ್ತಿದ್ಲು.

ಅವತ್ತು ಗ್ರಂಥಾಲಯದ ಯುಪಿಎಸ್ ಕೆಟ್ಟಿತ್ತು, ಮೇಲ್ವಿಚಾರಕಿ ಅಕ್ಕ ನಮ್ಮ ದೊಡ್ಡಪ್ಪನ ಮಗನನ್ನ ಕರೆಸಿದ್ರು. ಅವನು ಮೂಲೇಲಿ ಕೂತು ಸ್ಕ್ರೂ ಬಿಚ್ತಾ ಎಲ್ಲಾ ಕೇಳಿಸ್ಕೊಂಡಿದ್ದ. ಮಕ್ಕಳು ಹೋದ ಮೇಲೆ, ತಲೆ ಎತ್ತದೇ ಕೇಳಿದ:

'ಆ ಹುಡ್ಗಿ ಅಷ್ಟೆಲ್ಲಾ ಮಾಡಕ್ಕೆ ಮುಂಚೆ ಅವನನ್ನ ಒಂದು ಮಾತು ಕೇಳಿದ್ಲಾ?'

ಪುಸ್ತಕ ಎರಡು ಸಲ ಓದಿದವಳು ನಾನು. ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಕೇಳಿರಲ್ಲ. ಡಿ ತಗೊಂಡಾದ ಮೇಲೇ ಸ್ಟೀಫನ್‌ಗೆ ಗೊತ್ತಾಗೋದು.

'ಇಲ್ಲ,' ಅಂದೆ. ಆಮೇಲೆ ಬಾಯಿ ತಪ್ಪಿ ಬಂತು: 'ಏಳನೇ ಕ್ಲಾಸಿನ ಆ ಟೆಸ್ಟು. ಕೊನೆ ಎರಡು ಪುಟ ನಾನು ಬೇಕಂತಲೇ ಬಿಟ್ಟಿದ್ದು.'

'ಗೊತ್ತು ಕಣೇ. ಪೇಪರ್ ಮುಚ್ಚಿಟ್ಟು ಕಿಟಕಿ ನೋಡ್ತಾ ಕೂತಿದ್ದೆ.'

'ಮತ್ತೆ ಯಾಕೋ ಹೇಳ್ಲಿಲ್ಲ?'

ಸ್ಕ್ರೂಡ್ರೈವರ್ ಬಾಯಲ್ಲಿ ಕಚ್ಚಿ ಎರಡು ವೈರ್ ತಿರುವಿದ. ಆಮೇಲೆ ತೆಗೆದು ಹೇಳಿದ: 'ಒಂದು ಮಾತು ಕೇಳಿದ್ದಿದ್ರೆ ಬರಿಯೇ ಮಾರಾಯ್ತಿ ಅಂತಿದ್ದೆ. ನಾನು ನಿನ್ನ ಪೇಪರ್ ನೋಡ್ಕೊಂಡೇ ಬರೀತಿದ್ದದ್ದು. ನೀನು ನಿಲ್ಲಿಸ್ದೆ, ನಂದೂ ನಿಂತೋಯ್ತು.'

ನಗು ಬಂತು. ಇಬ್ಬರಿಗೂ. ಎಷ್ಟು ಹೊತ್ತು ನಕ್ಕೆವು ಅಂದ್ರೆ ಮೇಲ್ವಿಚಾರಕಿ ಅಕ್ಕ ಹೊರಗಿಂದ ಬಂದು 'ಕುರ್ಚಿ ಎಳೆದಾಡ್ಬೇಡಿ' ಅಂದ್ರು, ಕುರ್ಚಿ ಯಾರೂ ಮುಟ್ಟಿರಲೇ ಇಲ್ಲ.

ಪುಟ್ಟಿ ಈಗ ಮಾದರಿ ಪರೀಕ್ಷೇಲಿ ಎಲ್ಲಾ ಪ್ರಶ್ನೆ ಬರೀತಾಳೆ. ಪರೀಕ್ಷೆ ಮುಗಿದ ಮೇಲೆ ಪಕ್ಕದ ಮನೆ ಜಗಲೀಲಿ ಇಬ್ಬರೂ ತಪ್ಪಾದದ್ದನ್ನ ಮತ್ತೆ ಮಾಡ್ತಾರಂತೆ, ಹಾಗೆ ಮಾಡೋಣ ಅಂತ ಕೇಳಿದ್ದು ಅವನೇ. ಪಟ್ಟಿ ಈಗಲೂ ಪ್ರತಿ ಭಾನುವಾರ ಸಂಜೆ ವಾಟ್ಸಾಪಿಗೆ ಬರುತ್ತೆ, ಕೆಂಪು ಬಣ್ಣ ಹಾಗೇ ಇದೆ. ನಾನು ಕೋಚಿಂಗಿನವರ ಹತ್ರ ಹೋಗಿ ಅದೊಂದನ್ನ ತೆಗೀರಿ ಅಂತ ಕೇಳಿಕೊಂಡೆ. ನೋಡೋಣ ಅಂದಿದ್ದಾರೆ.

ಎರಡನೇ ಫೋಟೋದಲ್ಲಿ ಮೂಲೇಲಿ ಕಾಣೋ ಬೆನ್ನು ಅವನದ್ದೇ. ಮುಖ ಹಾಕಬೇಡ ಅಂದ. ಈ ಸಲ ಹಾಕೋಕೆ ಮುಂಚೆ ಕೇಳಿದ್ದೆ.